ಅಣ್ವಸ್ತ್ರ ಒಪ್ಪಂದಗಳು: ಕೈಗಾ ಸೀಮೆಯವರು ಕೇಳಬೇಕಾದ ಪ್ರಶ್ನೆ

ಮಾನ್ಯ ಸಂಪಾದಕರೇ,

ಆಗಸ್ಟ್ 6ರ ಹಿರೋಷಿಮಾ ದಿನಕ್ಕೆ ಕಾಲೇಜುಗಳಲ್ಲಿ ಸಹಿ ಸಂಗ್ರಹ ನಡೆಯುತ್ತದೆ. ಉದ್ದನೆಯ ಬಿಳಿ ಬಟ್ಟೆ, ಮೇಲೆ ದಪ್ಪ ಅಕ್ಷರದಲ್ಲಿ ‘ಅಣ್ವಸ್ತ್ರ ಬೇಡ’, ಕೆಳಗೆ ಮಾರ್ಕರ್ ಪೆನ್ನಿನ ನೂರಾರು ಸಹಿ. ಆ ಮಕ್ಕಳ ಕಳಕಳಿ ನಿಜವಾದದ್ದು. ಆದರೆ ಬಟ್ಟೆ ಯಾವ ಕಚೇರಿಗೆ ಹೋಗಬೇಕು, ಮಾತು ಯಾವ ಒಪ್ಪಂದದ್ದು, ಸರ್ಕಾರ ಏನು ಮಾಡಬೇಕು ಎಂಬುದು ಅದರಲ್ಲಿ ಇರುವುದಿಲ್ಲ. ಹಾಗಾಗಿ ಉತ್ತರ ಕೊಡುವ ಹೊಣೆ ಯಾರ ಮೇಲೂ ಬೀಳುವುದಿಲ್ಲ. ಸರ್ಕಾರ ಉತ್ತರ ಕೊಡಲೇಬೇಕಾದ ಹಾಗೆ ಕೇಳುವ ದಾರಿಗಳು ನಮ್ಮ ಕಾನೂನಿನಲ್ಲೂ ಸಂಸತ್ತಿನ ನಿಯಮಗಳಲ್ಲೂ ಇವೆ. ಅವುಗಳನ್ನು ಬಳಸುವವರು ಕಡಿಮೆ. ಬಳಸಿದವರೂ ಎಡವುವುದು ಹೆಚ್ಚುಕಡಿಮೆ ಅದೇ ನಾಲ್ಕಾರು ಕಡೆ.

ಈ ವಿಷಯದಲ್ಲಿ ಬಾಯಿ ತೆರೆಯಲು ಉತ್ತರ ಕನ್ನಡದವರಿಗೆ ಉಳಿದವರಿಗಿಂತ ಒಂದು ಕಾರಣ ಹೆಚ್ಚಿದೆ. ಅದು ಕೈಗಾ ಅಣು ವಿದ್ಯುತ್ ಸ್ಥಾವರ.

2005ರ ಜುಲೈ 18ರ ಭಾರತ–ಅಮೆರಿಕ ಜಂಟಿ ಹೇಳಿಕೆಯ ನಂತರ, 2006ರಲ್ಲಿ ನಮ್ಮ ಸರ್ಕಾರ ಅಣು ರಿಯಾಕ್ಟರುಗಳನ್ನು ಎರಡು ಪಾಲು ಮಾಡಿತು. ಆಗ ನಡೆಯುತ್ತಿದ್ದವು, ಕಟ್ಟುತ್ತಿದ್ದವು ಸೇರಿ 22 ವಿದ್ಯುತ್ ರಿಯಾಕ್ಟರುಗಳಲ್ಲಿ 14 ಅನ್ನು ‘ನಾಗರಿಕ’ ಎಂದು ಗುರುತಿಸಿ, 2014ರೊಳಗೆ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ನಿಗಾಕ್ಕೆ ಒಪ್ಪಿಸುವುದಾಗಿ ಹೇಳಿತು. ಉಳಿದ ಎಂಟು ಹೊರಗೆ. ಕಲ್ಪಾಕ್ಕಂನ ಎರಡು, ತಾರಾಪುರದ 3 ಮತ್ತು 4ನೇ ಘಟಕ, ಮತ್ತೆ ಕೈಗಾದ ನಾಲ್ಕಕ್ಕೆ ನಾಲ್ಕೂ. ಅಂದರೆ ಆಗ ನಿಗಾದ ಹೊರಗುಳಿದ ಆ ಎಂಟರಲ್ಲಿ ಸರಿ ಅರ್ಧ ಕಾರವಾರ ತಾಲೂಕಿನಲ್ಲಿ, ಕಾಳಿ ನದಿಯ ದಂಡೆಯಲ್ಲಿ, ಕದ್ರಾ ಜಲಾಶಯದ ನೀರಿನಲ್ಲಿ ತಣಿಯುತ್ತಿವೆ.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಬೇಕು. ನಿಗಾದ ಹೊರಗಿದೆ ಎಂದರೆ ಕೈಗಾದಲ್ಲಿ ಬಾಂಬಿನ ಸರಕು ತಯಾರಾಗುತ್ತಿದೆ ಎಂದರ್ಥವಲ್ಲ. ಆ ಕೆಲಸಕ್ಕೆ ಟ್ರಾಂಬೆಯ ಸೈರಸ್ ಎಂಬ ಸಂಶೋಧನಾ ರಿಯಾಕ್ಟರ್ ಇತ್ತು, 2010ರ ಕೊನೆಯಲ್ಲಿ ಅದು ನಿಂತಿತು. ಅಲ್ಲೇ ಧ್ರುವ ಎಂಬ ಇನ್ನೊಂದಿದೆ. ಕೈಗಾ ವಿದ್ಯುತ್ ಕೊಡುತ್ತದೆ. ಒಂದನೇ ಘಟಕ 2018ರ ಡಿಸೆಂಬರ್ 31ರವರೆಗೆ 962 ದಿನ ಎಡೆಬಿಡದೆ ನಡೆದದ್ದು ಹೆಮ್ಮೆಯ ವಿಷಯವೇ. ಹೊರಗಿದೆ ಎಂಬುದರ ಅರ್ಥ ಇಷ್ಟು: ಅಲ್ಲಿ ಉರಿದು ಬಂದ ಇಂಧನದ ಲೆಕ್ಕವನ್ನು ಭಾರತ ಸರ್ಕಾರ ಮಾತ್ರ ನೋಡುತ್ತದೆ, ಹೊರಗಿನ ತನಿಖಾಧಿಕಾರಿ ನೋಡುವುದಿಲ್ಲ. ಅಸ್ತ್ರಕ್ಕೆ ಬಳಸಬಲ್ಲ ಪ್ಲುಟೋನಿಯಂನಂಥ ವಿದಳನ ವಸ್ತುವಿನ ಉತ್ಪಾದನೆಯನ್ನು ನಿಲ್ಲಿಸುವ ಜಾಗತಿಕ ಒಪ್ಪಂದ ಮುಂದೆಂದಾದರೂ ಆದರೆ, ಆ ತನಿಖಾಧಿಕಾರಿ ಬಾಗಿಲು ತಟ್ಟಬಹುದಾದ ಮೊದಲ ಜಾಗಗಳಲ್ಲಿ ಕೈಗಾವೂ ಒಂದು. ಎಫ್‌ಎಂಸಿಟಿ ಎಂದು ಕರೆಯುವ ಈ ಒಪ್ಪಂದಕ್ಕಾಗಿ ದುಡಿಯುತ್ತೇವೆ ಎಂದು ಭಾರತ ಅದೇ 2005ರ ಹೇಳಿಕೆಯಲ್ಲಿ ಬರೆದುಕೊಟ್ಟಿದೆ. ಮಾತುಕತೆಗೆ ಚೌಕಟ್ಟು ಹಾಕಿದ್ದು 1995ರ ಮಾರ್ಚ್‌ನಲ್ಲಿ. ಜಿನೀವಾದ ನಿಶ್ಶಸ್ತ್ರೀಕರಣ ಸಮಾವೇಶದಲ್ಲಿ 65 ದೇಶಗಳಿವೆ. ಎಲ್ಲರೂ ಒಪ್ಪಿದರೆ ಮಾತ್ರ ಮುಂದಕ್ಕೆ ಎಂಬ ನಿಯಮ, ಹಾಗಾಗಿ ಒಂದು ದೇಶ ಬೇಡ ಎಂದರೂ ಗಾಡಿ ನಿಲ್ಲುತ್ತದೆ. ಈಗಾಗಲೇ ಕೂಡಿಟ್ಟ ದಾಸ್ತಾನು ಲೆಕ್ಕಕ್ಕೆ ಬರಬೇಕೆಂದು ಪಾಕಿಸ್ತಾನ, ಮುಂದಿನ ಉತ್ಪಾದನೆಗೆ ಮಾತ್ರ ತಡೆ ಸಾಕೆಂದು ಭಾರತ. ಗಂಟು ಬಿದ್ದಿರುವುದು ಅಲ್ಲಿ.

ಲೆಕ್ಕ ಎಂದರೆ ಏನು ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಒಪ್ಪಂದದ ಭಾಷೆ ನೆಲಕ್ಕೆ ಇಳಿಯುವುದು ಇಲ್ಲೇ. ಕೈಗಾದ 220 ಮೆಗಾವಾಟ್‌ನ ಒಂದು ಭಾರಜಲ ರಿಯಾಕ್ಟರಿನಲ್ಲಿ 306 ಅಡ್ಡ ಕೊಳವೆಗಳಿವೆ. ಒಂದೊಂದರಲ್ಲಿ 12 ಇಂಧನ ಬಂಡಲ್, ಒಟ್ಟು 3,672. ಒಂದು ಬಂಡಲ್ ಎಂದರೆ 19 ಕಡ್ಡಿಗಳ ಕಟ್ಟು, ಅರ್ಧ ಮೀಟರ್ ಉದ್ದ, ಒಳಗೆ ಸುಮಾರು 15 ಕೆ.ಜಿ. ಯುರೇನಿಯಂ ಆಕ್ಸೈಡ್. ಇಂಧನ ಬದಲಿಸಲು ರಿಯಾಕ್ಟರ್ ನಿಲ್ಲಿಸಬೇಕಾಗಿಲ್ಲ. ಕೊಳವೆಯ ಎರಡೂ ತುದಿಗೆ ಒಂದೊಂದು ಯಂತ್ರ ಬಂದು ಕಚ್ಚಿಕೊಳ್ಳುತ್ತದೆ. ಒಂದು ಕಡೆಯಿಂದ ಎಂಟು ಹೊಸ ಬಂಡಲ್ ತಳ್ಳಿದರೆ ಇನ್ನೊಂದು ಕಡೆ ಉರಿದ ಎಂಟು ಹೊರಬಿದ್ದು ನೀರಿನ ಕೊಳಕ್ಕೆ ಹೋಗುತ್ತವೆ. ಕೂಡಂಕುಳಂನಂಥ ರಿಯಾಕ್ಟರಿನ ಮುಚ್ಚಳ ತೆರೆಯುವುದು ವರ್ಷಕ್ಕೋ ಒಂದೂವರೆ ವರ್ಷಕ್ಕೋ ಒಮ್ಮೆ. ಮುಚ್ಚಳಕ್ಕೆ ಮುದ್ರೆ ಒತ್ತಿದರೆ ತನಿಖಾಧಿಕಾರಿಗೆ ನೆಮ್ಮದಿ. ಕೈಗಾದಂಥದ್ದರಲ್ಲಿ ಬದಲಾವಣೆ ನಿತ್ಯದ ಕೆಲಸ. ಅದಕ್ಕೇ ಹೊರಬೀಳುವ ಪ್ರತಿ ಬಂಡಲನ್ನು ಎಣಿಸುವ ಉಪಕರಣ, ಕೊಳದ ಮೇಲೆ ಕ್ಯಾಮೆರಾ, ಮುದ್ರೆ, ಮತ್ತೆ ಮತ್ತೆ ಭೇಟಿ ಎಲ್ಲ ಬೇಕು. ಅಂತರರಾಷ್ಟ್ರೀಯ ಸಂಸ್ಥೆ ಗಮನಿಸಲೇಬೇಕಾದ ಪ್ರಮಾಣ ಎಂದು ಇಟ್ಟುಕೊಂಡಿರುವುದು 8 ಕೆ.ಜಿ. ಪ್ಲುಟೋನಿಯಂ. ಇಂಥ ರಿಯಾಕ್ಟರಿನಲ್ಲಿ ಪೂರ್ತಿ ಉರಿದ ಇಂಧನದಲ್ಲಿ ಟನ್ನಿಗೆ ಸುಮಾರು 3.5ರಿಂದ 4 ಕೆ.ಜಿ. ಇರುತ್ತದೆ. ಹಾಗೆ ನೋಡಿದರೆ 150ಕ್ಕೆ ಮೇಲ್ಪಟ್ಟು ಬಂಡಲ್‌ಗಳ ಲೆಕ್ಕ ತಪ್ಪಿದರೆ ಅದು ಜಗತ್ತಿನ ವಿಷಯವಾಗುತ್ತದೆ. ಇಂಥ ಏರ್ಪಾಟಿಗೆ ಖರ್ಚಿದೆ, ಸಮಯ ಹಿಡಿಯುತ್ತದೆ. ಅದಕ್ಕೆ ತಯಾರಿ ಇದೆಯೇ ಎಂಬುದು ನಾಗರಿಕರು ಕೇಳಬಹುದಾದ ನ್ಯಾಯವಾದ ಪ್ರಶ್ನೆ. ಇದರಲ್ಲಿ ರಹಸ್ಯ ಕೆದಕುವಂಥದ್ದು ಏನೂ ಇಲ್ಲ.

ನಿಗಾದ ಹೊರಗಿರುವುದಕ್ಕೆ ಒಂದು ಬೆಲೆಯೂ ಇದೆ. ಅದರ ಚರ್ಚೆ ನಮ್ಮ ಜಿಲ್ಲೆಯಲ್ಲಿ ಆದದ್ದು ಕಡಿಮೆ. ಹೊರದೇಶದಿಂದ ಬರುವ ಯುರೇನಿಯಂ ನಿಗಾದೊಳಗಿನ ರಿಯಾಕ್ಟರುಗಳಿಗೆ ಮಾತ್ರ ಸಲ್ಲುತ್ತದೆ. ಕೈಗಾದ ನಾಲ್ಕೂ ಘಟಕ ದೇಶದೊಳಗಿನ ಗಣಿಗಳ ಯುರೇನಿಯಂ ಮೇಲೆಯೇ ನಡೆಯಬೇಕು. ದೇಶೀ ಇಂಧನ ಸಾಲದೆ ಹೋದ ವರ್ಷಗಳಲ್ಲಿ ನಾಲ್ಕನೇ ಘಟಕ ಇಂಧನಕ್ಕಾಗಿ ಕಾದು, 2011ರ ಜನವರಿಯಲ್ಲಷ್ಟೇ ವಾಣಿಜ್ಯ ಉತ್ಪಾದನೆ ಶುರು ಮಾಡಿತು. ಆದ್ದರಿಂದ ನಿಶ್ಶಸ್ತ್ರೀಕರಣದ ಮಾತು ಕೈಗಾ ಸೀಮೆಯ ಮಲ್ಲಾಪುರ, ಕದ್ರಾದ ಮಟ್ಟಿಗೆ ಕರೆಂಟಿನ ಮಾತೂ ಹೌದು, ಕೆಲಸದ ಮಾತೂ ಹೌದು.

ಈಗ 5 ಮತ್ತು 6ನೇ ಘಟಕದ ವಿಷಯ. ತಲಾ 700 ಮೆಗಾವಾಟ್. ಪರಿಸರ ಅನುಮತಿಗಾಗಿ 2018ರ ಡಿಸೆಂಬರ್‌ನಲ್ಲಿ ಅಹವಾಲು ಸಭೆ ನಡೆಯಿತು. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಅಂಥ ಸಭೆಗೆ ಕನಿಷ್ಠ 30 ದಿನ ಮೊದಲು ನೋಟಿಸ್ ಬರಬೇಕು, ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿ ಸಿಗಬೇಕು, ಆಡಿದ ಮಾತು ನಡಾವಳಿಯಲ್ಲಿ ದಾಖಲಾಗಬೇಕು. ಮರ ಎಷ್ಟು ಹೋಗುತ್ತದೆ, ನದಿಗೆ ಬಿಸಿನೀರು ಎಷ್ಟು ಎಂದು ಕೇಳಲು ಊರವರಿಗೆ ಒಂದು ಕುರ್ಚಿ, ಒಂದು ಮೈಕು ಇದೆ. ಆದರೆ ಆ ಎರಡು ಘಟಕಗಳು ‘ನಾಗರಿಕ’ ಪಟ್ಟಿಗೆ ಸೇರುತ್ತವೆಯೇ ಎಂದು ಕೇಳಲು ಆ ಸಭೆ ವೇದಿಕೆಯಲ್ಲ. 2006ರ ಯೋಜನೆಯಲ್ಲಿ ಭಾರತ ಹೊಸ ರಿಯಾಕ್ಟರುಗಳನ್ನು ಯಾವ ಪಟ್ಟಿಗೆ ಹಾಕಬೇಕೆಂಬ ನಿರ್ಧಾರ ತನ್ನದೇ ಎಂದು ಉಳಿಸಿಕೊಂಡಿದೆ. ನಿರ್ಧಾರ ನಮ್ಮ ಸರ್ಕಾರದ್ದು ಎಂದಾದ ಮೇಲೆ ಪ್ರಶ್ನೆಯೂ ನಮ್ಮ ಸರ್ಕಾರಕ್ಕೇ.

ಕೇಳುವುದು ಎಲ್ಲಿ? ಸಂವಿಧಾನದ ಏಳನೇ ಅನುಸೂಚಿಯಲ್ಲಿ ಕೇಂದ್ರ ಪಟ್ಟಿಯ 14ನೇ ನಮೂದು ವಿದೇಶಗಳೊಡನೆ ಒಪ್ಪಂದ ಮಾಡಿಕೊಳ್ಳುವುದು ಮತ್ತು ಅದನ್ನು ಜಾರಿಗೆ ತರುವುದು. ಇದರ ಬಗ್ಗೆ ಕಾನೂನು ಮಾಡುವ ಅಧಿಕಾರ ಸಂಸತ್ತಿಗಿದೆ. ಆದರೆ ಒಪ್ಪಂದಕ್ಕೆ ಮೊದಲು ಸಂಸತ್ತಿನ ಒಪ್ಪಿಗೆ ಪಡೆಯಬೇಕೆಂಬ ಕಾನೂನು ಇಲ್ಲ. 73ನೇ ವಿಧಿಯ ಬಲದಲ್ಲಿ ಮಂತ್ರಿಮಂಡಲವೇ ಮುಗಿಸಬಹುದು. ಭಾರತ–ಅಮೆರಿಕ ಅಣು ಒಪ್ಪಂದದ ಗದ್ದಲದಲ್ಲಿ 2008ರ ಜುಲೈ 22ರಂದು ಲೋಕಸಭೆಯಲ್ಲಿ 275–256 ಮತ ಬಿದ್ದದ್ದು ಹಲವರಿಗೆ ನೆನಪಿರಬಹುದು. ಅದು ಸರ್ಕಾರದ ಮೇಲಿನ ವಿಶ್ವಾಸಮತ, ಒಪ್ಪಂದದ ಕಲಮುಗಳ ಮೇಲಿನ ಮತವಲ್ಲ. ಅಮೆರಿಕದಲ್ಲಿ ಸೆನೆಟ್‌ನ ಮೂರನೇ ಎರಡು ಬೇಕು. ಸಮಗ್ರ ಅಣ್ವಸ್ತ್ರ ಪರೀಕ್ಷಾ ನಿಷೇಧ ಒಪ್ಪಂದವನ್ನು 1999ರ ಅಕ್ಟೋಬರ್ 13ರಂದು ಅದೇ ಸೆನೆಟ್ ತಳ್ಳಿಹಾಕಿತು. ಬ್ರಿಟನ್ನಿನಲ್ಲಿ 2010ರ ಕಾಯ್ದೆಯ ಪ್ರಕಾರ ಅನುಮೋದನೆಗೆ ಮೊದಲು ಒಪ್ಪಂದದ ಪ್ರತಿ 21 ಕಲಾಪ ದಿನ ಸಂಸತ್ತಿನ ಮುಂದಿರಬೇಕು. ನ್ಯೂಜಿಲೆಂಡ್ 1987ರ ಅಣ್ವಸ್ತ್ರಮುಕ್ತ ವಲಯದ ಕಾಯ್ದೆಯಲ್ಲೇ ನಿಶ್ಶಸ್ತ್ರೀಕರಣಕ್ಕೆ ಸಾರ್ವಜನಿಕ ಸಲಹಾ ಸಮಿತಿಯನ್ನು ಬರೆದಿಟ್ಟಿತು. ನಮ್ಮಲ್ಲಿ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯ ಅವರ ಅಧ್ಯಕ್ಷತೆಯ ಸಂವಿಧಾನ ಪರಾಮರ್ಶೆ ಆಯೋಗ 2002ರಲ್ಲಿ, ಒಪ್ಪಂದ ಮಾಡಿಕೊಳ್ಳುವ ಕ್ರಮಕ್ಕೆ ಸಂಸತ್ತು ಕಾನೂನು ಮಾಡಲಿ ಎಂದು ಹೇಳಿತು. 2014ರಲ್ಲಿ ಬಂದ ಶಾಸನಪೂರ್ವ ಸಮಾಲೋಚನೆ ನೀತಿ ಮಸೂದೆಗಳ ಕರಡನ್ನು ಕನಿಷ್ಠ 30 ದಿನ ಜನರ ಮುಂದಿಡಬೇಕೆನ್ನುತ್ತದೆ. ಒಪ್ಪಂದಗಳು ಅದರಡಿ ಬರುವುದಿಲ್ಲ. ಅದೇ 30 ದಿನವನ್ನು ಒಪ್ಪಂದಗಳಿಗೂ ಹಚ್ಚಿ ಎಂಬುದು ಬೇಡಿಕೆಯಾಗಿ ಚಿಕ್ಕದು, ಕಾನೂನಿನ ಭಾಷೆಯಲ್ಲಿ ಬರೆಯಲು ಸುಲಭ.

ಜನಾಭಿಪ್ರಾಯಕ್ಕೆಂದು ಕರಡು ಹೊರಬಿಟ್ಟ ಉದಾಹರಣೆ ಒಂದಿದೆ. 1999ರ ಆಗಸ್ಟ್ 17ರಂದು ಅಣ್ವಸ್ತ್ರ ನೀತಿಯ ಕರಡನ್ನು ಚರ್ಚೆಗೆ ಇಟ್ಟರು. 2003ರ ಜನವರಿ 4ರಂದು ಅಂತಿಮವಾಗಿ ಬಂದದ್ದು ಒಂದು ಪತ್ರಿಕಾ ಪ್ರಕಟಣೆ. ಮೊದಲು ಬಳಸುವುದಿಲ್ಲ ಎಂಬ ಮಾತು ಉಳಿಯಿತು. ಆದರೆ ಜೈವಿಕ ಅಥವಾ ರಾಸಾಯನಿಕ ಅಸ್ತ್ರದ ದಾಳಿಯಾದರೆ ಅಣ್ವಸ್ತ್ರದಿಂದ ಉತ್ತರಿಸುವ ಆಯ್ಕೆ ಉಳಿಸಿಕೊಳ್ಳುತ್ತೇವೆ ಎಂಬ ಸಾಲು ಹೊಸದಾಗಿ ಸೇರಿತ್ತು. ಕರಡಿನ ಮೇಲೆ ಚರ್ಚೆ ಮಾಡಿದವರಿಗೆ ಆ ಸಾಲಿನ ಬಗ್ಗೆ ಮಾತಾಡುವ ಅವಕಾಶವೇ ಇರಲಿಲ್ಲ. ಅಭಿಪ್ರಾಯ ಕೇಳುವ ಕ್ರಮದಲ್ಲಿ ಎರಡನೇ ಸುತ್ತು ಇರಬೇಕೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಕಾನೂನು ಬರುವವರೆಗೆ ಇರುವ ದಾರಿಗಳಲ್ಲಿ ಮೊದಲನೆಯದು ಸಂಸದರ ಪ್ರಶ್ನೆ. ‘ಸರ್ಕಾರ ಅಣ್ವಸ್ತ್ರ ನಿಶ್ಶಸ್ತ್ರೀಕರಣಕ್ಕೆ ಬದ್ಧವೇ?’ ಎಂದು ಕೇಳಿಸಿದರೆ ಉತ್ತರ ಮೊದಲೇ ಗೊತ್ತು: ಸಾರ್ವತ್ರಿಕ, ತಾರತಮ್ಯರಹಿತ, ಪರಿಶೀಲಿಸಬಲ್ಲ ನಿಶ್ಶಸ್ತ್ರೀಕರಣಕ್ಕೆ ಭಾರತ ಬದ್ಧ. ಈ ಮೂರು ವಿಶೇಷಣಗಳು ದಶಕಗಳಿಂದ ಹಾಗೇ ಇವೆ. ಅದರ ಬದಲು ಹೀಗೆ ಕೇಳಿಸಬೇಕು: ‘2006ರ ಪ್ರತ್ಯೇಕತಾ ಯೋಜನೆಯಲ್ಲಿ ಕೈಗಾ 1ರಿಂದ 4ನೇ ಘಟಕಗಳಿಗೆ ಕೊಟ್ಟ ಸ್ಥಾನ ಇದುವರೆಗೆ ಬದಲಾಗಿದೆಯೇ, ಕೈಗಾ 5 ಮತ್ತು 6 ಅನ್ನು ನಾಗರಿಕ ಎಂದು ಗುರುತಿಸಲಾಗಿದೆಯೇ, ಆಗಿದ್ದರೆ ದಿನಾಂಕ, ಆಗದಿದ್ದರೆ ಯಾವ ಹಂತದಲ್ಲಿ ಗುರುತಿಸಲಾಗುವುದು?’ ಇದಕ್ಕೆ ಹೌದು, ಇಲ್ಲ, ದಿನಾಂಕ ಎಂದು ಬರೆಯಲೇಬೇಕು. ಬಹಿರಂಗಪಡಿಸಲಾಗದು ಎಂದು ಬರೆದರೂ ಅದು ದಾಖಲೆ.

ಇದನ್ನು ಕೇಳಬೇಕಾದದ್ದು ಅಣುಶಕ್ತಿ ಇಲಾಖೆಯನ್ನು. ಒಪ್ಪಂದದ ಮಾತುಕತೆ, ವಿಶ್ವಸಂಸ್ಥೆಯ ಮತ, ಒಪ್ಪಂದಗಳ ಸಭೆಗೆ ವೀಕ್ಷಕರಾಗಿ ಹೋಗುವುದು, ಇವು ವಿದೇಶಾಂಗ ಸಚಿವಾಲಯದ್ದು. ಅಲ್ಲಿ ನಿಶ್ಶಸ್ತ್ರೀಕರಣಕ್ಕೆಂದೇ ಒಂದು ವಿಭಾಗವಿದೆ. ಎರಡನ್ನೂ ಒಂದೇ ಪ್ರಶ್ನೆಯಲ್ಲಿ ಕಟ್ಟಿದರೆ ಅದು ಇಲಾಖೆಯಿಂದ ಇಲಾಖೆಗೆ ಅಲೆಯುತ್ತದೆ, ಇಲ್ಲವೇ ಅರ್ಧಕ್ಕೆ ಮಾತ್ರ ಉತ್ತರ ಸಿಗುತ್ತದೆ. ಬಿಡಿಸಿ ಎರಡು ಮಾಡಿ ಕೊಡಬೇಕು. ಲೋಕಸಭೆಯಲ್ಲಿ ಪ್ರಶ್ನೆಗೆ ಕನಿಷ್ಠ 15 ಪೂರ್ಣ ದಿನಗಳ ನೋಟಿಸ್ ಬೇಕು. ದಿನಕ್ಕೆ 20 ಚುಕ್ಕೆ ಗುರುತಿನ (ಬಾಯಿಮಾತಿನ ಉತ್ತರದ) ಪ್ರಶ್ನೆ, 230 ಚುಕ್ಕೆ ರಹಿತ (ಲಿಖಿತ ಉತ್ತರದ) ಪ್ರಶ್ನೆ ಮಾತ್ರ ಪಟ್ಟಿಗೆ ಸೇರುತ್ತವೆ. ಪ್ರಶ್ನೆಗಳು ಹೆಚ್ಚಿದ್ದಾಗ ಚೀಟಿ ಎತ್ತುತ್ತಾರೆ. ಅದಕ್ಕೇ ಒಬ್ಬ ಸಂಸದರನ್ನೇ ನೆಚ್ಚಿ ಕೂರಬಾರದು. ಕರ್ನಾಟಕಕ್ಕೆ ಲೋಕಸಭೆಯಲ್ಲಿ 28, ರಾಜ್ಯಸಭೆಯಲ್ಲಿ 12 ಸ್ಥಾನಗಳಿವೆ. ಉತ್ತರ ಕನ್ನಡ ಕ್ಷೇತ್ರದೊಳಗೆ ಬೆಳಗಾವಿ ಜಿಲ್ಲೆಯ ಖಾನಾಪುರ, ಕಿತ್ತೂರೂ ಇವೆ, ಅಲ್ಲಿನವರೂ ಅದೇ ಸಂಸದರಿಗೆ ಬರೆಯಬಹುದು. ಪ್ರಶ್ನೆಯಲ್ಲಿ ವಾದ, ಆರೋಪ, ವ್ಯಂಗ್ಯ, ಅಭಿಪ್ರಾಯ ಕೇಳುವುದು, ಇವು ಇದ್ದರೆ ಲೋಕಸಭೆಯ ಸಚಿವಾಲಯದ ಮಟ್ಟದಲ್ಲೇ ಬಿದ್ದುಹೋಗುತ್ತದೆ. ಸಂಸದರ ಕಚೇರಿಗೆ ಎರಡು ಪುಟದ ಮನವಿ ಕೊಡುವುದಕ್ಕಿಂತ, ಇಂಗ್ಲಿಷಿನಲ್ಲೋ ಹಿಂದಿಯಲ್ಲೋ 150 ಪದದೊಳಗೆ ಸಿದ್ಧ ಮಾಡಿದ ಪ್ರಶ್ನೆಯನ್ನೇ ಕೊಟ್ಟರೆ ಅವರ ಸಹಾಯಕರು ಹಾಗೇ ಸಲ್ಲಿಸಬಹುದು.

ಕಾಲ ತಪ್ಪುವುದು ಇನ್ನೊಂದು ಎಡವಟ್ಟು. ವಿಶ್ವಸಂಸ್ಥೆಯ ಮಹಾಸಭೆಯ ಮೊದಲ ಸಮಿತಿ ನಿಶ್ಶಸ್ತ್ರೀಕರಣದ ಗೊತ್ತುವಳಿಗಳನ್ನು ಅಕ್ಟೋಬರ್‌ನಲ್ಲಿ ಚರ್ಚಿಸಿ, ತಿಂಗಳ ಕೊನೆಯಿಂದ ನವೆಂಬರ್ ಆರಂಭದೊಳಗೆ ಮತಕ್ಕೆ ಹಾಕುತ್ತದೆ. ಭಾರತವೇ ಅಲ್ಲಿ ಅಣ್ವಸ್ತ್ರ ಬಳಕೆ ನಿಷೇಧದ ಗೊತ್ತುವಳಿಯನ್ನು 1982ರಿಂದ, ಅಣ್ವಸ್ತ್ರ ಅಪಾಯ ಕಡಿಮೆ ಮಾಡುವ ಗೊತ್ತುವಳಿಯನ್ನು 1998ರಿಂದ ಮಂಡಿಸುತ್ತ ಬಂದಿದೆ. ಚಳಿಗಾಲದ ಅಧಿವೇಶನದಲ್ಲಿ ಕೇಳಿದರೆ ಮತ ಹಾಕಿ ಆಗಿರುತ್ತದೆ. ಮುಂಗಾರು ಅಧಿವೇಶನದಲ್ಲಿ, ಅಂದರೆ ಜುಲೈ–ಆಗಸ್ಟ್‌ನಲ್ಲಿ ಕೇಳಬೇಕು. ಹಿರೋಷಿಮಾ ದಿನದ ಸಹಿಗಳಿಗೆ ನಿಜವಾದ ಉಪಯೋಗ ಇರುವುದೂ ಆಗಲೇ.

ಮಾಹಿತಿ ಹಕ್ಕಿನ ಅರ್ಜಿ ಎರಡನೇ ದಾರಿ. ಇಲ್ಲಿ ಸೋಲುವುದು ‘ಏಕೆ’ ಎಂದು ಕೇಳಿದಾಗ. ‘ಭಾರತ 2017ರ ಅಣ್ವಸ್ತ್ರ ನಿಷೇಧ ಒಪ್ಪಂದಕ್ಕೆ ಏಕೆ ಸಹಿ ಹಾಕಲಿಲ್ಲ?’ ಎಂಬುದಕ್ಕೆ, ಕಾರಣ ವಿವರಿಸುವುದು 2(ಎಫ್) ಕಲಮಿನ ‘ಮಾಹಿತಿ’ ವ್ಯಾಖ್ಯೆಯಲ್ಲಿ ಬರುವುದಿಲ್ಲ ಎಂದು ಮಾಹಿತಿ ಅಧಿಕಾರಿ ಬರೆದು ಕೈತೊಳೆದುಕೊಳ್ಳುತ್ತಾರೆ. ಇರುವ ಕಾಗದವನ್ನು ಕೇಳಬೇಕು: ಆ ಒಪ್ಪಂದದ ಬಗ್ಗೆ ಸಚಿವಾಲಯಕ್ಕೆ ನಾಗರಿಕರಿಂದ ಬಂದ ಮನವಿಗಳ ಸಂಖ್ಯೆ ವರ್ಷವಾರು, ಸರ್ಕಾರದ ಹೊರಗಿನ ತಜ್ಞರೊಡನೆ ನಡೆಸಿದ ಸಭೆಗಳ ದಿನಾಂಕ, ಇಂಥ ವರ್ಷ ಇಂಥ ಗೊತ್ತುವಳಿಗೆ ಮತ ಹಾಕಿದಾಗ ಓದಿದ ವಿವರಣೆಯ ಪ್ರತಿ. 8(1)(ಎ) ಕಲಂ ದೇಶದ ಭದ್ರತೆ ಮತ್ತು ವಿದೇಶ ಸಂಬಂಧದ ನೆಪದಲ್ಲಿ ನಿರಾಕರಿಸಲು ಅವಕಾಶ ಕೊಡುತ್ತದೆ. ಅರ್ಜಿಯಲ್ಲೇ 10ನೇ ಕಲಂ ಉಲ್ಲೇಖಿಸಿ, ಗುಟ್ಟಿನ ಭಾಗ ತೆಗೆದು ಉಳಿದದ್ದು ಕೊಡಿ ಎಂದು ಬರೆಯುವುದು ಒಳ್ಳೆಯದು. ಜನರ ಮೇಲೆ ಪರಿಣಾಮ ಬೀರುವ ಮುಖ್ಯ ನೀತಿ ರೂಪಿಸುವಾಗ ಸಂಬಂಧಪಟ್ಟ ಸಂಗತಿಗಳನ್ನು ತಾನಾಗಿ ಪ್ರಕಟಿಸಬೇಕು ಎನ್ನುವುದು 4(1)(ಸಿ) ಕಲಂ. ಅದನ್ನು ಉಲ್ಲೇಖಿಸುವವರು ಕಡಿಮೆ. ಶುಲ್ಕ 10 ರೂಪಾಯಿ. ಅಂಚೆ ಆರ್ಡರ್ ಆದರೆ ಅಕೌಂಟ್ಸ್ ಆಫೀಸರ್ ಹೆಸರಿಗಿರಬೇಕು. ಅರ್ಜಿ 500 ಪದದೊಳಗಿರಲಿ. ಕೇಂದ್ರದ ಕಚೇರಿಗೆ ಕನ್ನಡದಲ್ಲಿ ಅರ್ಜಿ ಹಾಕಬಹುದೇ ಎಂದು ಅನೇಕರು ಹಿಂಜರಿಯುತ್ತಾರೆ. 6(1) ಕಲಮಿನಲ್ಲಿ ಅರ್ಜಿ ಸಲ್ಲಿಸುವ ಪ್ರದೇಶದ ಅಧಿಕೃತ ಭಾಷೆ ಎಂದೇ ಇದೆ. 30 ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಅದರ ನಂತರ 90 ದಿನದೊಳಗೆ ಕೇಂದ್ರ ಮಾಹಿತಿ ಆಯೋಗಕ್ಕೆ ಎರಡನೆಯದು. ಮೊದಲ ನಿರಾಕರಣೆಗೇ ಕೈಬಿಡುವವರು ಹೆಚ್ಚು. ಅದು ತಪ್ಪು. ಮೇಲ್ಮನವಿಯಲ್ಲಿ ಅರ್ಧ ಕಾಗದವಾದರೂ ಸಿಕ್ಕಿದರೆ ಮುಂದಿನ ಅಧಿವೇಶನದ ಪ್ರಶ್ನೆಗೆ ಅದೇ ತಳಹದಿ.

ಬಟ್ಟೆಯ ಮೇಲಿನ ಸಹಿಗಳನ್ನು ಲೋಕಸಭೆ ಓದುವಂಥ ಕಾಗದವಾಗಿ ಮಾಡುವ ದಾರಿಯೂ ಇದೆ. ಅದು ಲೋಕಸಭೆಗೆ ಅರ್ಜಿ, ನಿಯಮ 160. ಅರ್ಜಿ ಲೋಕಸಭೆಯನ್ನು ಉದ್ದೇಶಿಸಿ ನಿಗದಿತ ನಮೂನೆಯಲ್ಲಿರಬೇಕು, ಕೊನೆಯಲ್ಲಿ ಏನು ಪ್ರಾರ್ಥಿಸುತ್ತೇವೆ ಎಂದು ಖಚಿತವಾಗಿ ಹೇಳಿರಬೇಕು. ಸಹಿ ಮಾಡಿದವರ ಪೂರ್ಣ ಹೆಸರು, ವಿಳಾಸ ಬೇಕು. ಓದು ಬಾರದವರ ಹೆಬ್ಬೆಟ್ಟೂ ಸಲ್ಲುತ್ತದೆ. ಕನ್ನಡದಲ್ಲಿ ಬರೆದರೆ ಹಿಂದಿ ಅಥವಾ ಇಂಗ್ಲಿಷ್ ಅನುವಾದವೂ ಜೊತೆಗಿರಬೇಕು, ಅನುವಾದಕ್ಕೂ ಅರ್ಜಿದಾರರ ಸಹಿ ಬೇಕು. ಫೋಟೊ, ಪತ್ರಿಕೆಯ ತುಣುಕು, ಅಫಿಡವಿಟ್ ಯಾವುದನ್ನೂ ಲಗತ್ತಿಸುವಂತಿಲ್ಲ. ಒಬ್ಬ ಸಂಸದರ ಮೇಲುಸಹಿ ಬೇಕು. ಇಷ್ಟು ಸರಿಯಿದ್ದರೆ ಅದು 15 ಸದಸ್ಯರ ಅರ್ಜಿಗಳ ಸಮಿತಿಗೆ ಹೋಗುತ್ತದೆ, ಸಮಿತಿ ಸಚಿವಾಲಯದ ವಿವರಣೆ ಕೇಳಬಹುದು. ನೂರು ಪೂರ್ಣ ವಿಳಾಸ ಹತ್ತು ಸಾವಿರ ಬರಿ ಹೆಸರಿಗಿಂತ ಮೇಲು.

ಪಂಚಾಯಿತಿಯ ಠರಾವಿಗೆ ಈ ವಿಷಯದಲ್ಲಿ ಕಾನೂನಿನ ಬಲ ಇಲ್ಲ, ಇದು ಕೇಂದ್ರದ ವಿಷಯ. ಹಾಗೆಂದು ಅದು ದಂಡವಲ್ಲ. ಅಮೆರಿಕದ ವರ್ಮಾಂಟ್‌ನಲ್ಲಿ 1982ರ ಮಾರ್ಚ್‌ನಲ್ಲಿ 150ಕ್ಕೂ ಹೆಚ್ಚು ಊರುಗಳ ಸಭೆಗಳು ಅಣ್ವಸ್ತ್ರ ಪೈಪೋಟಿ ಇದ್ದಲ್ಲಿಗೇ ನಿಲ್ಲಲಿ ಎಂದು ಠರಾವು ಮಾಡಿದವು. ಅವು ಒಂದೇ ವಾಕ್ಯದ, ಒಂದೇ ಬೇಡಿಕೆಯ ಠರಾವುಗಳಾಗಿದ್ದರಿಂದಲೇ ಎಣಿಸಲು ಬಂತು.

ಕರಾವಳಿಯವರಿಗೆ ಇನ್ನೂ ಹತ್ತಿರವಾದದ್ದು ಜಪಾನಿನ ಉದಾಹರಣೆ. 1954ರ ಮಾರ್ಚ್ 1ರಂದು ಬಿಕಿನಿ ದ್ವೀಪದಲ್ಲಿ ಅಮೆರಿಕ 15 ಮೆಗಾಟನ್ನಿನ ಜಲಜನಕ ಬಾಂಬು ಸಿಡಿಸಿದಾಗ ‘ಫುಕುರ್ಯು ಮಾರು’ ಎಂಬ ಮೀನುಗಾರಿಕೆ ಬೋಟಿನ ಮೇಲೆ ಬೂದಿ ಉದುರಿತು. ಬೋಟಿನಲ್ಲಿ 23 ಜನ. ಹಿಡಿದು ತಂದ ಟ್ಯೂನಾ ಮೀನನ್ನು ಹೂಳಬೇಕಾಯಿತು, ಮೀನು ಮಾರುಕಟ್ಟೆಗಳು ಕುಸಿದವು. ರೇಡಿಯೊ ನಿರ್ವಾಹಕ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು. ಟೋಕಿಯೊದ ಸುಗಿನಾಮಿ ಎಂಬ ಬಡಾವಣೆಯಲ್ಲಿ ಮೀನು ಮಾರುವವರು, ಗೃಹಿಣಿಯರು ಮನೆಮನೆ ತಿರುಗಿ ಜಲಜನಕ ಬಾಂಬಿನ ವಿರುದ್ಧ ಸಹಿ ಕೂಡಿಸಿದರು. ಊರೂರಿನ ಎಣಿಕೆಯನ್ನು ಒಂದೇ ಕಡೆ ಒಟ್ಟು ಮಾಡುವ ಏರ್ಪಾಟಾಯಿತು. 1955ರ ಆಗಸ್ಟ್ ಹೊತ್ತಿಗೆ ಅದು 3 ಕೋಟಿ ದಾಟಿತ್ತು. ನೆಹರೂ ಲೋಕಸಭೆಯಲ್ಲಿ ಪರೀಕ್ಷೆಗಳಿಗೆ ತಡೆ ಒಪ್ಪಂದವಾಗಲಿ ಎಂದದ್ದು 1954ರ ಏಪ್ರಿಲ್ 2ರಂದು, ಆ ಸ್ಫೋಟವಾಗಿ ಒಂದೇ ತಿಂಗಳಿಗೆ. ಅಮೆರಿಕದ ಸೇಂಟ್ ಲೂಯಿಯಲ್ಲಿ 1958ರಿಂದ ತಾಯಂದಿರು ಮಕ್ಕಳ ಬಿದ್ದ ಹಾಲುಹಲ್ಲುಗಳನ್ನು ಕಳಿಸಿಕೊಟ್ಟರು, ವರ್ಷಗಳಲ್ಲಿ ಮೂರು ಲಕ್ಷಕ್ಕೂ ಮಿಕ್ಕಿ. ಅವುಗಳಲ್ಲಿ ಕಂಡ ಸ್ಟ್ರಾಂಷಿಯಂ–90 ಎಂಬ, ಬಾಂಬು ಸ್ಫೋಟದಿಂದ ಹರಡುವ ವಿಕಿರಣ ವಸ್ತು ವಾತಾವರಣದ ಪರೀಕ್ಷೆಗಳಿಗೆ ತಡೆ ಬೇಕೆಂಬ ವಾದಕ್ಕೆ ಆಧಾರವಾಯಿತು. 1963ರ ಭಾಗಶಃ ಪರೀಕ್ಷಾ ನಿಷೇಧ ಒಪ್ಪಂದಕ್ಕೆ ಭಾರತ ಅದೇ ಆಗಸ್ಟ್‌ನಲ್ಲಿ ಸಹಿ ಹಾಕಿತು.

ನಮ್ಮ ಜಿಲ್ಲೆಗೂ ಇಂಥ ಕಾಳಜಿ ಹೊಸದಲ್ಲ. ಶಿವರಾಮ ಕಾರಂತರು 1989ರಲ್ಲಿ ಕೈಗಾ ವಿಷಯವನ್ನೇ ಮುಂದಿಟ್ಟು ಇಲ್ಲಿಂದ ಲೋಕಸಭೆಗೆ ನಿಂತು ಸೋತರು. ಅವರ ನಿಲುವನ್ನು ಒಪ್ಪದವರೂ ಇದ್ದರು, ಈಗಲೂ ಇದ್ದಾರೆ. ಕೇಳಲೇಬೇಕಾದ ಪ್ರಶ್ನೆ ಎಂದು ಅವರು ಅದನ್ನು ಚುನಾವಣೆಯವರೆಗೆ ಒಯ್ದದ್ದು ದೊಡ್ಡದು.

ಭಾರತ ನಾಳೆಯೇ ನಿಷೇಧ ಒಪ್ಪಂದಕ್ಕೆ ಸಹಿ ಹಾಕಲಿ ಎಂದು ನಾವು ಬರೆಯುತ್ತಿಲ್ಲ. 2017ರ ಜುಲೈ 7ರಂದು 122 ದೇಶಗಳು ಒಪ್ಪಿದ, 2021ರ ಜನವರಿ 22ರಿಂದ ಜಾರಿಯಲ್ಲಿರುವ ಆ ಒಪ್ಪಂದದ ಮಾತುಕತೆಗೆ ಭಾರತ ಹೋಗಲಿಲ್ಲ. ಅಣ್ವಸ್ತ್ರ ಇರುವ ಒಂದು ದೇಶವೂ ಹೋಗಲಿಲ್ಲ. ಆದರೆ ಓಸ್ಲೊ, ನಯಾರಿತ್, ವಿಯೆನ್ನಾದಲ್ಲಿ 2013–14ರಲ್ಲಿ ಅಣ್ವಸ್ತ್ರದ ಮಾನವೀಯ ಪರಿಣಾಮಗಳ ಬಗ್ಗೆ ನಡೆದ ಮೂರೂ ಸಭೆಗಳಿಗೆ ಭಾರತ ಹೋಗಿತ್ತು. ಜರ್ಮನಿ, ನಾರ್ವೆಯಂಥ ನೇಟೊ ದೇಶಗಳು 2022ರಲ್ಲಿ ಈ ಒಪ್ಪಂದದ ಮೊದಲ ಸಭೆಯಲ್ಲಿ ವೀಕ್ಷಕರಾಗಿ ಕೂತವು. ವೀಕ್ಷಕರಾಗಿ ಹೋಗಲು ಸಹಿ ಬೇಡ, ನೀತಿ ಬದಲಿಸಬೇಕಾಗಿಲ್ಲ. ಹೋಗಿ ಎಂದು ಕೇಳುವುದು ಸಾಧ್ಯವಾದ ಬೇಡಿಕೆ. ಇದಕ್ಕಿಂತ ಹಳೆಯ ಒಂದು ಪದ್ಧತಿಯೂ ನೆನಪಿರಲಿ: ಪರಸ್ಪರರ ಅಣು ಸ್ಥಾವರಗಳ ಮೇಲೆ ದಾಳಿ ಮಾಡುವುದಿಲ್ಲ ಎಂದು ಭಾರತ–ಪಾಕಿಸ್ತಾನ 1988ರ ಡಿಸೆಂಬರ್ 31ರಂದು ಬರೆದುಕೊಂಡ ಒಪ್ಪಂದದಂತೆ 1992ರಿಂದ ಪ್ರತಿ ಜನವರಿ 1ಕ್ಕೆ ಸ್ಥಾವರಗಳ ಪಟ್ಟಿ ಬದಲಾಯಿಸಿಕೊಳ್ಳುತ್ತವೆ. ಕೈಗಾದಂಥ ಊರುಗಳನ್ನು ಕಾಯುವ ಒಪ್ಪಂದ ಇದು. ಇದರ ಬಗ್ಗೆ ಜಿಲ್ಲೆಯ ಎಷ್ಟು ಶಾಲೆಗಳಲ್ಲಿ ಹೇಳುತ್ತಾರೆ?

ಪತ್ರಿಕೆಗಳಿಗೂ ಎರಡು ಮಾತು. ನಾಗರಿಕ ಸಹಕಾರದ ಒಪ್ಪಂದ, ಪ್ರಸರಣ ತಡೆ, ಪರೀಕ್ಷಾ ನಿಷೇಧ, ಅಸ್ತ್ರ ನಿಷೇಧ ಎಲ್ಲವನ್ನೂ ‘ಅಣು ಒಪ್ಪಂದ’ ಎಂಬ ಒಂದೇ ತಲೆಬರಹದಲ್ಲಿ ಹಾಕುವುದರಿಂದ ಓದುಗರು ಒಂದನ್ನು ಇನ್ನೊಂದೆಂದು ತಿಳಿಯುತ್ತಾರೆ. ಸಹಿ ಬೇರೆ, ಅನುಮೋದನೆ ಬೇರೆ. ಪರೀಕ್ಷಾ ನಿಷೇಧ ಒಪ್ಪಂದಕ್ಕೆ ಅಮೆರಿಕ 1996ರಲ್ಲಿ ಸಹಿ ಹಾಕಿತು, ಅನುಮೋದಿಸಲಿಲ್ಲ. ರಷ್ಯಾ ಅನುಮೋದಿಸಿ 2023ರಲ್ಲಿ ಹಿಂದಕ್ಕೆ ಪಡೆಯಿತು. ಎಚ್.ಡಿ. ದೇವೇಗೌಡರು ಪ್ರಧಾನಿಯಾಗಿದ್ದಾಗ, 1996ರ ಸೆಪ್ಟೆಂಬರ್ 10ರಂದು, ವಿಶ್ವಸಂಸ್ಥೆಯಲ್ಲಿ 158 ದೇಶಗಳ ಎದುರು ವಿರುದ್ಧ ಮತ ಹಾಕಿದ ಮೂರರಲ್ಲಿ ಭಾರತ ಒಂದು, ಸಹಿಯನ್ನೇ ಹಾಕಿಲ್ಲ. ಮೂರು ದೇಶ, ಮೂರು ಸ್ಥಿತಿ. ‘ಸೇಫ್‌ಗಾರ್ಡ್ಸ್’ ಎಂಬುದನ್ನು ‘ಸುರಕ್ಷತೆ’ ಎಂದು ಬರೆದರೆ ವಿಕಿರಣದ ಸುರಕ್ಷತೆ ಎಂದೇ ಓದುಗರು ತಿಳಿಯುತ್ತಾರೆ. ‘ನಿಗಾ’ ಎಂದರೆ ಅರ್ಥ ಸರಿ ಹೋಗುತ್ತದೆ.

ಕೊನೆಯದಾಗಿ ಒಂದು ವಿನಂತಿ. ಸಂಸತ್ತಿನ ವಿದೇಶಾಂಗ ವ್ಯವಹಾರಗಳ ಸ್ಥಾಯಿ ಸಮಿತಿಯಲ್ಲಿ ಲೋಕಸಭೆಯ 21, ರಾಜ್ಯಸಭೆಯ 10 ಸದಸ್ಯರಿರುತ್ತಾರೆ. ವರ್ಷಕ್ಕೊಮ್ಮೆ ಹೊಸದಾಗಿ ರಚನೆಯಾದಾಗ ಪರಿಶೀಲನೆಯ ವಿಷಯಗಳನ್ನು ಆರಿಸಿಕೊಳ್ಳುತ್ತದೆ, ಕೆಲವಕ್ಕೆ ಸಾರ್ವಜನಿಕರಿಂದ ಲಿಖಿತ ಅಭಿಪ್ರಾಯ ಕರೆಯುತ್ತದೆ. ಅಂಥ ಪ್ರಕಟಣೆಗಳಲ್ಲಿ ಗಡುವು ಚಿಕ್ಕದಿರುತ್ತದೆ, ಭಾಷೆ ಹಿಂದಿ–ಇಂಗ್ಲಿಷ್. ಶಿರಸಿಯಲ್ಲಿ, ಕಾರವಾರದಲ್ಲಿ ಕೂತವರಿಗೆ ಸುದ್ದಿ ಮುಟ್ಟುವಾಗ ದಿನ ಮುಗಿದಿರುತ್ತದೆ. ಅದು ಹೊರಬಿದ್ದ ಮಾರನೆಯ ದಿನವೇ ನಿಮ್ಮ ಜಿಲ್ಲಾ ಪುಟದಲ್ಲಿ ವಿಷಯ, ವಿಳಾಸ, ಕೊನೆಯ ದಿನಾಂಕ, ಇಷ್ಟನ್ನು ನಾಲ್ಕು ಸಾಲಿನಲ್ಲಿ ಕನ್ನಡದಲ್ಲಿ ಹಾಕಿಕೊಡಿ.

ಇತಿ,
ಕಾರವಾರ ಮತ್ತು ಶಿರಸಿಯ ಕೆಲವು ಓದುಗರು